ಹನ್ನೊಂದು ಹಲಗೆಗಳು

ಫೆಬ್ರವರಿಯ ಆ ಭಾನುವಾರ ಮಹತಿಗೆ ಎಚ್ಚರವಾದದ್ದು ನಾತಕ್ಕೆ.

ಮೂರು ದಿನ ಬಿಸಿಲಲ್ಲಿ ಬಿದ್ದಿದ್ದ ಮೀನಿನ ಬುಟ್ಟಿಯನ್ನು ಯಾರೋ ತಂದು ದಿಂಬಿನ ಪಕ್ಕ ಸುರಿದ ಹಾಗಿತ್ತು. ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು ಕಿಟಕಿ ತೆರೆದರೆ ಒಂದು ಮೊಳ ದೂರದಲ್ಲಿ ಗಂಡಸಿನ ಮುಖ. ಬಿದಿರಿನ ಸಾರುವೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಹಳದಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅವಳ ಕೋಣೆಯ ಹೊರಗೋಡೆಯನ್ನು ಉಜ್ಜುತ್ತಿದ್ದ.

"ಚೇಟ್ಟಾ, ಏನಿದು?" ಎಂದಳು ಮಲಯಾಳದಲ್ಲಿ. ಗೊತ್ತಿಲ್ಲದ ಗಂಡಸರನ್ನೆಲ್ಲ ಅಲ್ಲಿ ಅಣ್ಣ ಎಂದೇ ಕರೆಯುವುದು.

"ಮತ್ತಿ ಎಣ್ಣೆ," ಎಂದ ಅವನೂ ಮಲಯಾಳದಲ್ಲೇ. "ಮತ್ತಿ ಮೀನಿಂದ ತೆಗೆದದ್ದು. ಮರ ಕುಡೀಲಿ ಅಂತ."

"ಒಳಗಿರೋ ಮನುಷ್ಯರು ಸಾಯ್ಲಿ ಅಂತಾನಾ?"

ಅವನು ಬಟ್ಟೆಯನ್ನು ಡಬ್ಬಕ್ಕೆ ಹಿಂಡಿದ. ತನಗೆ ತಾನೇ ಹೇಳಿಕೊಳ್ಳುವವನಂತೆ, "ಬೆಳಿಗ್ಗೆ ಬೆಳಿಗ್ಗೆ ಎಂತ ಉಪದ್ರ ಮಾರಾಯ್ರೆ ಇದು," ಎಂದ.

ಅಚ್ಚ ಕನ್ನಡ. ಕೊಚ್ಚಿಯ ಮಟ್ಟಾಂಚೇರಿಯ ಆ ಗಲ್ಲಿಯಲ್ಲಿ, ಕರಿಮೆಣಸಿನ ಗೋದಾಮುಗಳ ಹಿಂದೆ, ಮಹತಿ ಎಂಟು ತಿಂಗಳಲ್ಲಿ ಒಮ್ಮೆಯೂ ಕೇಳದಿದ್ದ ಕನ್ನಡ.

"ಉಪದ್ರ ಯಾರದು ರೀ?" ಎಂದಳು ಕನ್ನಡದಲ್ಲಿ. "ನಿಮ್ಮದಾ, ನಂದಾ?"

ಉಜ್ಜುತ್ತಿದ್ದ ಕೈ ನಿಂತಿತು. ಅವನು ತಿರುಗಿ ನೋಡಲಿಲ್ಲ. ಕಿವಿಯ ಅಂಚು ಮಾತ್ರ ಮೆಲ್ಲಗೆ ಕೆಂಪಾಯಿತು. ಅದನ್ನು ನೋಡಿದ ಮೇಲೆ ಅವನನ್ನು ಅಣ್ಣ ಎಂದು ಕರೆಯಲು ಅವಳಿಗೆ ಮತ್ತೆ ಬಾಯಿ ಬರಲಿಲ್ಲ.

ಅವನ ಹೆಸರು ಸ್ಕಂದ. ಕಾಸರಗೋಡಿನ ಕುಂಬಳೆಯವನು. ಹತ್ತರವರೆಗೆ ಕನ್ನಡ ಶಾಲೆ, ಆಮೇಲೆ ಬೇಪೂರಿನಲ್ಲಿ ಮರದ ಹಡಗು ಕಟ್ಟುವವರ ಹತ್ತಿರ ಕೆಲಸ ಕಲಿತಿದ್ದ. ಈಗ ಹಳೆಯ ಮರದ ಮನೆಗಳನ್ನು ರಿಪೇರಿ ಮಾಡಿ ಬಣ್ಣ ಹೊಡೆಯುತ್ತಿದ್ದ.

ಮಹತಿ ಇದ್ದ ಮನೆಯೂ ಅಂಥದ್ದೇ. ಕೆಳಗೆ ಕೆಂಪುಕಲ್ಲು. ಮೇಲಿನ ಅಂತಸ್ತಿಗೆ ಹೊರಗಿನಿಂದ ಸುತ್ತಲೂ ಹೆಬ್ಬಲಸಿನ ಹಲಗೆಗಳನ್ನು ಒಂದರ ಮೇಲೊಂದು ಅಂಚು ಕೂರಿಸಿ ಹೊದಿಸಿದ್ದರು. ಕೆಳಗೆ ಮನೆಯ ಒಡತಿ ಜುಬೈದಾ ಇದ್ದರು. ಅರುವತ್ತು ದಾಟಿದವರು, ಗಲ್ಲಿಯವರಿಗೆಲ್ಲ 'ಇತ್ತ', ಅಂದರೆ ಅಕ್ಕ. ಮೇಲೆ ಬಾಡಿಗೆಗೆ ಇರುವವರು ಬಿಟ್ಟು ಹೋಗುವ ಮೊದಲು ಹಲಗೆಗಳಿಗೆ ಬಣ್ಣ ಮಾಡಿಸಿ ಕೊಡಬೇಕು ಎನ್ನುವುದು ಅವರ ಮಾವನ ಕಾಲದಿಂದ ನಡೆದು ಬಂದ ಕರಾರು.

ಮಹತಿಗೆ ಬಿಟ್ಟು ಹೋಗಬೇಕಿತ್ತು. ಬೇಗ.

ಮನೆಯನ್ನು ಆರಿಸಿದ್ದು ಅವಳಲ್ಲ, ಅವಳನ್ನು ಮದುವೆಯಾಗಬೇಕಿದ್ದ ಕಾರ್ತಿಕೇಯ. ನಿಶ್ಚಿತಾರ್ಥವಾದ ಮೇಲೆ ಇಬ್ಬರೂ ಕೊಚ್ಚಿಯಲ್ಲೇ ಕೆಲಸದಲ್ಲಿರುತ್ತೇವೆ, ಹಳೇ ಮನೆ ಫೋಟೋಗೆ ಚಂದ ಎಂದಿದ್ದ. ಜೂನ್‌ನಲ್ಲಿ ಕರಾರಿಗೆ ಸಹಿ ಹಾಕುವ ದಿನ ಅವನು ಬರಲೇ ಇಲ್ಲ. ಪುಣೆಯಿಂದ ಒಂದು ಮೆಸೇಜ್ ಬಂತು: ನನಗೆ ಟೈಮ್ ಬೇಕು, ಸದ್ಯಕ್ಕೆ ಮನೆಯವರಿಗೆ ಹೇಳಬೇಡ. ಆಮೇಲೆ ಫೋನೂ ಇಲ್ಲ.

ಮಹತಿ ಹೇಳಲಿಲ್ಲ. ತಿರುವನಂತಪುರದ ಪಟ್ಟಂನಲ್ಲಿದ್ದ ಅಪ್ಪ ಅಮ್ಮನಿಗೆ, ಅವನಿಗೆ ಪ್ರಾಜೆಕ್ಟು, ಮದುವೆ ಮೇ ತಿಂಗಳಿಗೆ ಹೋಯಿತು ಎಂದಳು. ಒಂದು ಸುಳ್ಳಿಗೆ ಹತ್ತು ಸುಳ್ಳು ಕೂಡಿದವು. ಈಗ ಅವಳಿಗೆ ಆ ಮನೆಯ ಮೆಟ್ಟಿಲು, ಗಲ್ಲಿಯ ಚರಂಡಿ, ಗೋದಾಮಿನ ಶುಂಠಿ ಘಾಟು, ಕನ್ನಡಿಯಲ್ಲಿ ಕಾಣುವ ಸ್ವಂತ ಮುಖ, ಎಲ್ಲವೂ ಹೇಸಿಗೆ. ಕಾಕ್ಕನಾಡಿನ ಆಫೀಸಿನಲ್ಲಿ ತಿರುವನಂತಪುರಕ್ಕೆ ವರ್ಗ ಕೇಳಿದ್ದಳು. ಮಾರ್ಚ್ ಕೊನೆಗೆ ಆಗುವುದಿತ್ತು.

"ಒಂದು ವಾರದಲ್ಲಿ ಮುಗಿಸಿ," ಎಂದಳು ಸ್ಕಂದನಿಗೆ.

ಅವನು ನಕ್ಕ. "ಬನ್ನಿ, ಒಂದು ತೋರಿಸ್ತೇನೆ."

ಕಿಟಕಿಯಿಂದ ಬಗ್ಗಿ ನೋಡಿದಳು. ಅವನು ಸ್ಕ್ರೇಪರ್‌ನಿಂದ ಹಳೆಯ ಬಣ್ಣವನ್ನು ಎತ್ತಿದ. ನೀಲಿಯ ಕೆಳಗೆ ಕೆನೆ, ಕೆನೆಯ ಕೆಳಗೆ ಹಸಿರು, ಅದರ ಕೆಳಗೆ ಕಪ್ಪಗೆ ಲೋಳೆ ಕಟ್ಟಿದ ಬೂಷ್ಟು. ಒಂದು ಹಲಗೆಯನ್ನು ಸಡಿಲಿಸಿದರೆ ಹಿಂದಿನಿಂದ ಬಾವಲಿ ಹಿಕ್ಕೆ ಬೊಗಸೆ ಬೊಗಸೆಯಾಗಿ ಉದುರಿತು. ಅದರ ಜೊತೆಗೆ ಒಣಗಿ ಹಪ್ಪಳವಾಗಿದ್ದ ಒಂದು ಹಲ್ಲಿ. ಮಹತಿಯ ಮೈಯೆಲ್ಲ ಮುಳ್ಳೆದ್ದಿತು. ಅವನು ಹೆಬ್ಬೆರಳಿನಿಂದ ಹಲಗೆಯ ಅಂಚನ್ನು ಒತ್ತಿದ. ಕೊಳೆತ ಹಲಸಿನ ತೊಳೆಗೆ ಒತ್ತಿದಂತೆ ಬೆರಳು ಒಳಗೆ ಹೋಯಿತು.

"ಇಂಥದ್ದು ಹನ್ನೊಂದು ಉಂಟು," ಎಂದ. "ತೆಗೆದು ಹೊಸತು ಹಾಕ್ಬೇಕು. ಎಣ್ಣೆ ಕುಡಿಸ್ಬೇಕು, ಒಣಗ್ಬೇಕು. ಮತ್ತೆ ಪ್ರೈಮರ್. ಮತ್ತೆ ಎರಡು ಕೋಟು."

"ಯಾರ್ರೀ ಹತ್ತಿ ನೋಡ್ತಾರೆ? ಮೇಲೆ ಬಣ್ಣ ಹೊಡೆದುಬಿಡಿ. ಎರಡು ಮಳೆ ತಡೆದ್ರೆ ಸಾಕು. ಅಷ್ಟೊತ್ತಿಗೆ ನಾನಿಲ್ಲಿರಲ್ಲ."

ಸ್ಕಂದ ತಲೆಯೆತ್ತಿ ಅವಳನ್ನು ನೋಡಿದ. ನಗು ಎಲ್ಲೋ ಹೋಗಿತ್ತು. ಬಾವಲಿ ಹಿಕ್ಕೆಗೆ ಕೈ ಹಾಕಿದಾಗಲೂ ಮುಖ ಸಿಂಡರಿಸದಿದ್ದವನು ಈಗ ಸಿಂಡರಿಸಿದ.

"ಕೆಳಗೆ ಇತ್ತ ಇದ್ದಾರೆ," ಎಂದಷ್ಟೇ ಹೇಳಿ ಸಾರುವೆ ಇಳಿದ.

ಎಂಟು ತಿಂಗಳಿಂದ ಎಲ್ಲವನ್ನೂ ಕಂಡು ಮೂಗು ಮುರಿಯುತ್ತಿದ್ದವಳು ಮಹತಿ. ತನ್ನನ್ನು ಕಂಡು ಒಬ್ಬರು ಮೂಗು ಮುರಿದದ್ದು ಅದೇ ಮೊದಲು. ದಿನವಿಡೀ ಅದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಮೀನು ತಿನ್ನದ ಅವಳಿಗೆ ಆ ಹೋಲಿಕೆ ಹೊಳೆದದ್ದೂ ಒಂದು ಸಿಟ್ಟು.

ಮುಂದಿನ ಶನಿವಾರ ಹಳೆಯ ಚೂಡಿದಾರ ಹಾಕಿ, ಮೂಗಿಗೆ ಸೆಂಟು ಹೊಡೆದ ಕರವಸ್ತ್ರ ಕಟ್ಟಿಕೊಂಡು ಅವಳು ಸಾರುವೆಯ ಬುಡಕ್ಕೆ ಬಂದಳು. "ಇನ್ನೊಂದು ಸ್ಕ್ರೇಪರ್ ಇದೆಯಾ?"

ಸ್ಕಂದ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಉಂಟು. ಆದ್ರೆ ಆ ಸೆಂಟು ಬೇಡ. ಮತ್ತಿ ಎಣ್ಣೆಗೆ ಮಲ್ಲಿಗೆ ಸೇರಿದ್ರೆ ನನಗೇ ವಾಂತಿ ಬರ್ತದೆ."

ತೆಗೆದಿಟ್ಟ ಹಲಗೆಗಳನ್ನು ಅಂಗಳದಲ್ಲಿ ಹಾಸಿ ಇಬ್ಬರೂ ಕೆರೆದರು. ಅವಳು ಅಡ್ಡಡ್ಡ ಕೆರೆಯುತ್ತಿದ್ದಳು. ಅವನು ಏನೂ ಹೇಳದೆ ಅವಳ ಮಣಿಕಟ್ಟನ್ನು ಎರಡೇ ಬೆರಳಿನಿಂದ ಹಿಡಿದು ಮರದ ಎಳೆಯ ದಿಕ್ಕಿಗೆ ತಿರುಗಿಸಿದ. ಎರಡು ಬೆರಳು, ಒಂದು ಕ್ಷಣ. ಬಿಟ್ಟ ಮೇಲೂ ಅವಳು ಆ ಕೈಯನ್ನು ಅದೇ ಓರೆಯಲ್ಲಿ ಹಿಡಿದುಕೊಂಡಿದ್ದಳು.

"ಹಾಗೇ ಇಟ್ಕೊಂಡ್ರೆ ಕೆಲಸ ಆಗೋದಿಲ್ಲ," ಎಂದ ತನ್ನ ಹಲಗೆಯಿಂದ ಕಣ್ಣು ತೆಗೆಯದೆ.

ಮಧ್ಯಾಹ್ನ ಅವನು ಗೋಡೆಯ ಆ ಮೂಲೆಯಲ್ಲಿ ಮೀನು ಸಾರಿನ ಅನ್ನ ಉಂಡ. ಇವಳು ಈ ಮೂಲೆಯಲ್ಲಿ ಮೊಸರನ್ನ ತಿಂದಳು. ನಡುವೆ ಹನ್ನೊಂದು ಹಲಗೆಗಳ ಅಂತರ.

"ಅವತ್ತು ನನ್ನ ಹಾಗೆ ಯಾಕೆ ನೋಡಿದ್ರಿ?" ಎಂದು ಕೇಳಿದಳು.

ಅವನು ಕೈ ತೊಳೆದು ಬಂದ. ನಾಲ್ಕು ವರ್ಷದ ಹಿಂದೆ ಒಂದು ಹೋಂಸ್ಟೇಯಲ್ಲಿ ಕೆಲಸ ಮಾಡಿದ್ದೆ ಎಂದ. ಮೇಲಿನ ಮೊಗಸಾಲೆಯ ಕಟಾಂಜನಕ್ಕೆ ಗೆದ್ದಲು ಹಿಡಿದಿತ್ತು. ಸೀಸನ್ ಶುರುವಾಗ್ತದೆ, ಬಣ್ಣ ಹೊಡಿ ಸಾಕು ಎಂದ ಮಾಲೀಕ. ಇವನು ಹೊಡೆದ.

"ಚಂದ ಕಂಡಿತು. ಎರಡನೇ ತಿಂಗಳಲ್ಲಿ ಒಬ್ರು ಹೆಂಗಸು ಅದಕ್ಕೆ ಒರಗಿ ನಿಂತ್ರು. ಅದು ಮುರಿದು ಕೆಳಗೆ ಬಿದ್ರು. ಜೀವ ಉಳೀತು. ಬಲಗೈ ಈಗಲೂ ಎತ್ತಲಿಕ್ಕೆ ಆಗೋದಿಲ್ಲ ಅವರಿಗೆ. ನಾನು ಆಸ್ಪತ್ರೆಗೆ ಹೋದೆ. ಪೇಂಟು ಮಾಡಿದ್ದು ನಾನೇ ಅಂತ ಹೇಳ್ಲಿಕ್ಕೆ ಹೋದದ್ದು. ಅವರು ಎಡಗೈಯಲ್ಲಿ ಕಿತ್ತಳೆ ಕೊಟ್ರು. ಹೇಳದೆ ತಿಂದು ಬಂದೆ." ಸ್ಕ್ರೇಪರ್ ಕೈಗೆತ್ತಿಕೊಂಡ. "ನೀವು ಯಾರು ನೋಡ್ತಾರೆ ಅಂದಾಗ ನಾನು ನೋಡಿದ್ದು ನಿಮ್ಮನ್ನಲ್ಲ, ನನ್ನನ್ನು."

ಮಹತಿ ಎದ್ದು ಹೋಗಿ ಅವನ ಪಕ್ಕದ ಹಲಗೆಯ ಮುಂದೆ ಕೂತು ಕೆರೆಯತೊಡಗಿದಳು. ಈ ಸಲ ಎಳೆಯ ದಿಕ್ಕಿಗೇ.

ಆಮೇಲಿನ ವಾರಗಳಲ್ಲಿ ಮನೆಯಿಂದ ಕೆಲಸ ಮಾಡುವ ದಿನಗಳೆಲ್ಲ ಕಿಟಕಿ ತೆರೆದೇ ಇರುತ್ತಿತ್ತು. ಅವಳು ಮೀಟಿಂಗಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದರೆ ಅವನು ಹೊರಗೆ ಮೊಳೆ ಹೊಡೆಯುವುದನ್ನು ನಿಲ್ಲಿಸಿ ಕಾಯುತ್ತಿದ್ದ. ಮ್ಯೂಟ್ ಮಾಡಿ ಅವಳು ಕತ್ತು ಅಲ್ಲಾಡಿಸಿದರೆ ಮತ್ತೆ ಟಕ್ ಟಕ್. ಕೆಲವೊಮ್ಮೆ ಅವಳು ಬೇಕೆಂದೇ ಕತ್ತು ಅಲ್ಲಾಡಿಸುತ್ತಿರಲಿಲ್ಲ. ಸುತ್ತಿಗೆ ಎತ್ತಿ ಹಿಡಿದು, ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು ಅವನು ಹುಬ್ಬೇರಿಸಿ ಕಾಯುವುದನ್ನು ನೋಡುತ್ತಿದ್ದಳು.

"ಮೀಟಿಂಗ್ ಮುಗಿದು ಐದು ನಿಮಿಷ ಆಯ್ತಲ್ವಾ?" ಎಂದ ಒಮ್ಮೆ ಮೊಳೆ ಉಗುಳಿ.

"ಹೇಗೆ ಗೊತ್ತಾಯ್ತು?"

"ಮೀಟಿಂಗಲ್ಲಿ ನೀವು ಇಷ್ಟು ನಗೋದಿಲ್ಲ."

ಎಣ್ಣೆಯ ನಾತಕ್ಕೆ ಮಾತ್ರ ಅವಳು ಒಗ್ಗಲಿಲ್ಲ. ಪ್ರೈಮರ್ ಬಿದ್ದ ಮೇಲೂ ಅದು ಪರದೆಯಲ್ಲಿ, ಹಾಸಿಗೆಯಲ್ಲಿ, ತಲೆಗೂದಲಲ್ಲಿ ಉಳಿದಿತ್ತು. ಬಸ್ಸಿನಲ್ಲಿ ಜನ ಸರಿದು ಕೂರುತ್ತಿದ್ದರು.

ಮಾರ್ಚ್ ಮಧ್ಯದ ಒಂದು ಬೆಳಿಗ್ಗೆ, ಎಳನೀರಿನ ಕಾಯಿಯಂಥ ಹಸಿರು ಬಣ್ಣದ ಮೊದಲ ಕೋಟು ಅರ್ಧ ಗೋಡೆ ಏರಿದ್ದಾಗ, ಗಲ್ಲಿಯಲ್ಲಿ ಟ್ಯಾಕ್ಸಿ ನಿಂತಿತು. ಇಳಿದವನು ಕಾರ್ತಿಕೇಯ.

ಅಂಗಳದಲ್ಲಿ ನಿಂತು ಹೋದ ವಾರವಷ್ಟೇ ಸಿಕ್ಕಿದ್ದವನಂತೆ ಮಾತಾಡಿದ. ತಲೆ ಕೆಟ್ಟಿತ್ತು, ಈಗ ಸರಿಯಾಗಿದೆ ಎಂದ. ಎರಡು ಮನೆಯವರಿಗೂ ಏನೂ ಗೊತ್ತಿಲ್ಲವಲ್ಲ, ಮೇ ತಿಂಗಳಲ್ಲೇ ಮುಗಿಸೋಣ, ಭಾನುವಾರ ಪಟ್ಟಂಗೆ ಬಂದು ದಿನ ಗೊತ್ತು ಮಾಡುತ್ತೇನೆ ಎಂದ. ಸಾರುವೆಯ ಮೇಲೆ ಬ್ರಷ್ಷಿನ ಸದ್ದು ನಿಂತಿದ್ದು ಮಹತಿಗೆ ಕೇಳಿಸಿತು.

"ಅದ್ಯಾರು ನಮ್ಮ ಮಾತು ಕೇಳಿಸ್ಕೊಳ್ತಿರೋದು?"

"ಯಾರೂ ಅಲ್ಲ," ಎಂದಳು ಮಹತಿ. "ಪೇಂಟರ್ ಅಷ್ಟೇ."

ಕಾರ್ತಿಕೇಯ ಮೂಗು ಹಿಡಿದ. "ಏನು ನಾತ ಇದು. ಮೈಗೂ ಹಚ್ಕೊಂಡಿದಾನೆ. ಹೇಗೆ ತಡ್ಕೊಳ್ತೀಯ ಇವನನ್ನ? ಅಸಹ್ಯ."

ಅವಳು ಹೂಂ ಎಂದಳು. ಹೂಂ ಎಂದದ್ದು ಸಾಲದೆಂಬಂತೆ, "ಅಸಹ್ಯನೇ," ಎಂದಳು.

ಟ್ಯಾಕ್ಸಿ ಹೋದ ಮೇಲೆ ತಲೆಯೆತ್ತಿ ನೋಡಿದಳು. ಸ್ಕಂದ ಬ್ರಷ್ ಎಳೆಯುತ್ತಿದ್ದ. ಗೆರೆ ಒಂದಿಷ್ಟೂ ಸೊಟ್ಟಗಾಗಿರಲಿಲ್ಲ.

"ಸ್ಕಂದ, ನಾನು..."

"ಮೇಡಂ, ಆ ಕಿಟಕಿ ಮುಚ್ಚಿಕೊಳ್ಳಿ. ಬಣ್ಣ ಸಿಡಿಯುತ್ತದೆ," ಎಂದ ಮಲಯಾಳದಲ್ಲಿ.

ಮರುದಿನವೂ ಮಲಯಾಳ. ಅದರ ಮರುದಿನವೂ. ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ. ನಮಸ್ಕಾರ ಇತ್ತು, ಮೇಡಂ ಇತ್ತು, ನೀರು ಕೇಳುವಾಗ ದಯವಿಟ್ಟು ಇತ್ತು. ಕನ್ನಡ ಮಾತ್ರ ಇರಲಿಲ್ಲ. ಮಹತಿ ಸ್ನಾನದ ಮನೆಯಲ್ಲಿ ಎರಡೆರಡು ಸಲ ಬಾಯಿ ಮುಕ್ಕಳಿಸಿದಳು. ಆ 'ಅಸಹ್ಯನೇ' ಎಂಬ ಪದ ಹಲ್ಲಿನ ಸಂದಿಯಲ್ಲಿ ಕೊಳೆಯುತ್ತಿತ್ತು.

ಶನಿವಾರ ಬೆಳಗಿನ ಟ್ರೇನು ಹತ್ತಿ ಅವಳು ತಿರುವನಂತಪುರಕ್ಕೆ ಹೋದಳು.

ಅಪ್ಪ ಅಚ್ಯುತ ಬಾಹ್ಯಾಕಾಶ ಸಂಸ್ಥೆಯಲ್ಲಿ ಮೂವತ್ತು ವರ್ಷ ವಿಜ್ಞಾನಿಯಾಗಿದ್ದವರು. ನಿವೃತ್ತರಾದ ಮೇಲೂ ಇಸ್ತ್ರಿ ಅಂಗಿ ಹಾಕಿಯೇ ಪೇಪರು ಓದುತ್ತಿದ್ದರು. ಮೈಸೂರು ಬಿಟ್ಟು ಬಂದು ಅಷ್ಟು ವರ್ಷವಾದರೂ ಮನೆಯಲ್ಲಿ ಕನ್ನಡವೇ. ಮಹತಿ ನಿಂತುಕೊಂಡೇ ಎಲ್ಲ ಹೇಳಿದಳು. ಜೂನ್‌ನ ಮೆಸೇಜಿನಿಂದ ಮೊನ್ನೆಯ ಟ್ಯಾಕ್ಸಿಯವರೆಗೆ. ಸ್ಕಂದನ ಬಗ್ಗೆಯೂ ಹೇಳಿದಳು. ಅವನಿಗೆ ಇನ್ನೂ ಹೇಳದಿದ್ದದ್ದನ್ನು ಇವರಿಗೆ ಹೇಳಿದಳು.

ಅಮ್ಮ ಪ್ರೇಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿದರು.

"ಅವನು ಬಿಟ್ಟಿದ್ದಕ್ಕೆ ನನಗೇನೂ ಇಲ್ಲ," ಎಂದರು ಕೊನೆಗೆ. "ನೀನು ಯಾರನ್ನ ಇಷ್ಟಪಟ್ಟೆ ಅನ್ನೋದಕ್ಕೂ ಇಲ್ಲ. ಒಂಬತ್ತು ತಿಂಗಳು ನನ್ನ ಬಾಯಲ್ಲಿ ಊರಿಗೆಲ್ಲ ಸುಳ್ಳು ಹೇಳಿಸಿದೆಯಲ್ಲ. ಅದು ನನಗೆ ಹೇಸಿಗೆ." ಎದ್ದು ಕೋಣೆಗೆ ಹೋದರು. ಆಮೇಲೆ ಅವಳೊಡನೆ ಮಾತಾಡಲಿಲ್ಲ.

ಭಾನುವಾರ ಕಾರ್ತಿಕೇಯ ಸ್ವೀಟ್ ಬಾಕ್ಸ್ ಹಿಡಿದು ಬಂದ. ಮಹತಿ ಬಾಗಿಲಲ್ಲೇ ತಡೆದಳು.

"ಇವರಿಗೆ ಎಲ್ಲ ಗೊತ್ತು. ನಿಮ್ಮ ಮನೆಯವರಿಗೂ ನೀನೇ ಹೇಳು. ಮದುವೆ ಇಲ್ಲ."

"ಆ ಮೀನಿನ ಮನೇಲಿ ಇದ್ದೂ ಇದ್ದೂ ತಲೆಗೇರಿದೆ ನಿನಗೆ," ಎಂದ ಅವನು.

"ಇರಬಹುದು," ಎಂದು ಬಾಗಿಲು ಹಾಕಿದಳು.

ಸೋಮವಾರ ಎರ್ನಾಕುಲಂನಲ್ಲಿ ಇಳಿದು, ದೋಣಿಯಲ್ಲಿ ಈಚೆ ದಾಟಿ, ಹೆಗಲಿನ ಬ್ಯಾಗು ಕೂಡ ಇಳಿಸದೆ ನೇರ ಏಣಿ ಹತ್ತಿದಳು. ಸ್ಕಂದ ಎರಡನೇ ಕೋಟಿನಲ್ಲಿದ್ದ. ಮೇಲೆ ಬಂದವಳನ್ನು ನೋಡಿ, "ಮೇಡಂ, ಇಲ್ಲಿ ಜಾರುತ್ತದೆ," ಎಂದ. ಮಲಯಾಳದಲ್ಲೇ.

"ಕನ್ನಡದಲ್ಲಿ ಬೈದುಬಿಡಿ," ಎಂದಳು. "ಅವತ್ತು ಅವನ ಮುಂದೆ ನಿಮ್ಮನ್ನ ಬಿಟ್ಟುಕೊಟ್ಟೆ. ಅಸಹ್ಯ ಇದ್ದಿದ್ದು ನನ್ನ ಬಾಯಲ್ಲಿ."

ಅವನು ಒಂದು ಹಲಗೆಯುದ್ದ ಬಣ್ಣ ಎಳೆದು ಮುಗಿಸಿದ. ಬ್ರಷ್ಷನ್ನು ಡಬ್ಬದ ಮೇಲೆ ಅಡ್ಡ ಇಟ್ಟ.

"ಪೇಂಟರ್ ಅಂದದ್ದಕ್ಕೆ ನನಗೆ ಏನೂ ಬೇಜಾರಿಲ್ಲ. ನಾನು ಪೇಂಟರೇ," ಎಂದ ಕನ್ನಡದಲ್ಲಿ. "ನಾಚಿಕೆ ಆದದ್ದು ನಿಮಗೆ. ನನ್ನಿಂದ ನಿಮಗೆ ನಾಚಿಕೆ ಆಯ್ತಲ್ಲ, ಅದನ್ನು ಕಂಡು ನನಗೆ ಹೇಸಿಗೆ ಆಯ್ತು. ನಾಲ್ಕು ದಿನ ಊಟ ಸೇರ್ಲಿಲ್ಲ."

"ಈಗ?"

"ಈಗ ನೀವು ಹಸಿ ಪೇಂಟಿನ ಮೇಲೆ ಕೈ ಊರಿ ನಿಂತಿದ್ದೀರಿ."

ಕೈ ತೆಗೆದರೆ ಅಂಗೈ ಪೂರಾ ಹಸಿರು. ಅವನು ಬಟ್ಟೆಯನ್ನು ಟರ್ಪೆಂಟೈನ್‌ಗೆ ಅದ್ದಿ ಅವಳ ಕೈ ಹಿಡಿದ. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು, ಬೆರಳಿನ ಸಂದಿ, ಉಗುರಿನ ಅಂಚು ಒರೆಸಿದ. ಬಣ್ಣ ಹೋದ ಮೇಲೂ ಒರೆಸುತ್ತಿದ್ದ. ಅವಳು ಹೋಯಿತು ಎನ್ನಲಿಲ್ಲ.

"ಅವನನ್ನ ಕಳಿಸಿಬಿಟ್ಟೆ," ಎಂದಳು. "ಅಪ್ಪ ಅಮ್ಮನಿಗೆ ನಿಮ್ಮ ಹೆಸರು ಹೇಳಿದೀನಿ. ನಿಮ್ಮನ್ನ ಕೇಳದೆ. ನನಗೆ ನೀವು ಬೇಕು ಸ್ಕಂದ."

ಅವನ ಕೈ ನಿಂತಿತು. "ನಾನು ದಿನಾ ಮೀನು ತಿನ್ನುವವ."

"ಗೊತ್ತು. ಆ ವಾಸನೆ ನನಗೆ ಈಗಲೂ ಆಗಲ್ಲ. ಆಗತ್ತೆ ಅಂತ ಸುಳ್ಳು ಹೇಳಲ್ಲ."

"ಮತ್ತೆ ಹೇಗೆ?"

"ನಡುನಡುವೆ ಎದ್ದು ಕಿಟಕಿ ಹತ್ತಿರ ಹೋಗ್ತೀನಿ. ವಾಪಸ್ ಬರ್ತೀನಿ."

ಅವನು ಅವಳನ್ನು ಬಹಳ ಹೊತ್ತು ನೋಡಿದ. ಕಣ್ಣಿನ ಮೂಲೆಯಲ್ಲಿ ಮೊದಲು ಒಂದು ಸುಕ್ಕು ಬಿತ್ತು, ಆಮೇಲೆ ಇನ್ನೊಂದು. ನಗು ತುಟಿಗೆ ಬರಲು ಇನ್ನಷ್ಟು ಹೊತ್ತು ತೆಗೆದುಕೊಂಡಿತು.

"ಆಸ್ಪತ್ರೆಯಲ್ಲಿ ಕೊಟ್ಟ ಕಿತ್ತಳೆ ತಿಂದು ಸುಮ್ಮನೆ ಬಂದವ ನಾನು," ಎಂದ. "ನೀವು ಏಣಿ ಹತ್ತಿ ಬಂದು ಹೇಳಿದ್ರಿ. ನನಗೂ ನೀವು ಬೇಕು ಮಹತಿ. ಆದ್ರೆ ಒಂದು ಫಜೀತಿ ಉಂಟು. ನೀವು ಹೇಗೂ ವರ್ಗ ಆಗಿ ತಿರುವನಂತಪುರಕ್ಕೆ ಹೋಗ್ತೀರಿ, ನಿಮ್ಮ ಮೇಲೆ ಎಷ್ಟು ಕೋಪ ಬಂದ್ರೂ ಒಂದೇ ಊರಲ್ಲಿ ಇರುವ ಅಂತ, ಹೋದ ವಾರವೇ ಅಲ್ಲಿ ಕೆಲಸ ಒಪ್ಪಿಕೊಂಡೆ. ಹಳೇ ಬಂಗಲೆ. ಮೂರು ತಿಂಗಳದ್ದು."

ಮಹತಿ ಸಾರುವೆಯ ಮೇಲೆ ಕೂತುಬಿಟ್ಟಳು. "ಟ್ರೇನಲ್ಲಿ ಬರ್ತಾ ವರ್ಗ ಬೇಡ ಅಂತ ಮೇಲ್ ಹಾಕಿದೀನಿ ನಾನು."

ಕೆಳಗಿನಿಂದ ಜುಬೈದಾ ಇತ್ತ ಕೂಗಿದರು. "ಮೋಳೇ, ಚಹಾ ಮೇಲೆ ತರಲಾ, ನೀವೇ ಇಳಿಯುತ್ತೀರಾ?" ಮೋಳೇ ಅಂದರೆ ಮಗಳೇ. ಎಷ್ಟು ಹೊತ್ತಿಂದ ಅಂಗಳದಲ್ಲಿದ್ದರೋ, ಕನ್ನಡ ಎಷ್ಟು ಅರ್ಥವಾಯಿತೋ. ಕೈಯಲ್ಲಿದ್ದದ್ದು ಮಾತ್ರ ಎರಡು ಲೋಟ.

ಏಪ್ರಿಲ್ ಕೊನೆಯ ಭಾನುವಾರ ಸ್ಕಂದ ಪಟ್ಟಂಗೆ ಊಟಕ್ಕೆ ಬಂದ. ಮಹತಿ ಹಿಂದಿನ ದಿನವೇ ಬಂದಿದ್ದಳು. ಬಂಗಲೆಯ ಕೆಲಸ ಶುರುವಾಗಿ ಎರಡು ವಾರವಾಗಿತ್ತು. ಸಾಬೂನು ಹಾಕಿ ಎಷ್ಟು ತಿಕ್ಕಿದ್ದನೋ, ಉಗುರಿನ ಬುಡದಲ್ಲಿ ಬಿಳಿ ಪ್ರೈಮರ್ ಇನ್ನೂ ಇತ್ತು.

ಅಚ್ಯುತ ಮಗಳೊಡನೆ ಮಾತು ಬಿಟ್ಟು ಐದು ವಾರ. ಎಲೆಯ ಮುಂದೆ ಕೂತು ಅನ್ನ ಕಲಸುತ್ತ ಅವರು ನೋಡುತ್ತಿದ್ದದ್ದು ಆ ಉಗುರನ್ನೇ.

"ಕಡಲ ಗಾಳಿ ಹೊಡೆಯೋ ಕಡೆ ಎಷ್ಟು ದಿನ ಬಿಟ್ಟು ಎರಡನೇ ಕೋಟು ಹಾಕ್ತೀರಿ?" ಎಂದು ಕೇಳಿದರು ಕಟುವಾಗಿಯೇ.

"ದಿನ ನೋಡೋದಿಲ್ಲ ಸರ್. ಬೆರಳು ನೋಡ್ತೇನೆ. ಒತ್ತಿದ್ರೆ ಹಿಡೀಬಾರ್ದು, ತಣ್ಣಗೂ ಇರಬಾರ್ದು."

"ಬೆರಳು ಲೆಕ್ಕಕ್ಕೆ ಬರಲ್ಲ. ನಾವು ರಾಕೆಟ್ಟಿಗೆ ಬಳಿಯೋ ಲೇಪನಕ್ಕೆ ಮೀಟರ್ ಇಟ್ಟು ತೇವ ಅಳೀತಿದ್ವಿ. ಆದ್ರೂ ಕಿತ್ತು ಬರ್ತಿತ್ತು."

"ಕೆಳಗೆ ಕೆರೆಯೋದು ಕಮ್ಮಿ ಆದ್ರೆ ಕಿತ್ತೇ ಬರ್ತದೆ ಸರ್," ಎಂದ ಸ್ಕಂದ. "ಮರಕ್ಕೂ ಅಷ್ಟೆ."

ಅಚ್ಯುತರ ತುತ್ತು ಬಾಯಿಯ ಹತ್ತಿರ ನಿಂತಿತು. "ಅದನ್ನೇ ನಾನು ಆ ಕಮಿಟಿಗೆ ಆರು ವರ್ಷ ಹೇಳಿದ್ದು," ಎಂದರು. ಆಮೇಲೆ ಅರ್ಧ ಗಂಟೆ ಇಬ್ಬರೂ ಅದೇ ಮಾತು. ಪ್ರೇಮ ಎರಡು ಸಲ ಸಾರು ಬಿಸಿ ಮಾಡಿದರು. ಮಹತಿ ಬಡಿಸುವ ಸೌಟು ಹಿಡಿದು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಸ್ಕಂದ ಒಮ್ಮೆ ಕಣ್ಣೆತ್ತಿ ಅವಳನ್ನು ನೋಡಿ, ತಕ್ಷಣ ಎಲೆಗೆ ಇಳಿಸಿದ. ಕಿವಿಯ ಅಂಚು ಕೆಂಪಾಗಿತ್ತು.

ಅಚ್ಯುತ ಸ್ಕಂದನ ಎಲೆ ನೋಡಿದರು. ಅನ್ನದ ಗುಂಡಿಯಲ್ಲಿ ಸಾರು ಬತ್ತಿಹೋಗಿತ್ತು. ತಲೆಯೆತ್ತದೆ, ಗಂಟಲು ಸರಿಮಾಡಿಕೊಂಡು ಹೇಳಿದರು:

"ಮಹತಿ, ಅಲ್ಲೇನು ನಿಂತಿದೀಯ. ಇವರಿಗೆ ಸಾರು ಹಾಕು. ಆಮೇಲೆ ನೀನೂ ಬಂದು ಕೂತ್ಕೋ."